ಕೋಟು ಹಾಕಿದವನಿಗೆ ಕುರ್ಚಿಯಿಲ್ಲ

ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನು ಹಡಗು ನಡೆಸಿದವನಲ್ಲ, ಸೈನ್ಯದ ಮುಖ ಕಂಡವನೂ ಅಲ್ಲ. ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ವೇಟರುಗಳ ಮೇಲೊಬ್ಬ ಇರುತ್ತಾನಲ್ಲ, ಕಪ್ಪು ಕೋಟು, ಕೊರಳಿಗೊಂದು ಕಪ್ಪು ಬೋ ಟೈ, ಎರಡೂ ಕೈ ಬೆನ್ನ ಹಿಂದೆ, ಕಣ್ಣು ಮಾತ್ರ ಎಲ್ಲ ಮೇಜುಗಳ ಮೇಲೆ, ಅವನನ್ನು ಆ ಕಸುಬಿನವರು ಕ್ಯಾಪ್ಟನ್ ಎನ್ನುತ್ತಾರೆ. ಅರ್ಧ ಆಯುಷ್ಯ ಅದರಲ್ಲೇ ಕಳೆದವನಿಗೆ ಕೆಲಸ ಬಿಟ್ಟ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಕಟ್ಟಡದ ಮಕ್ಕಳಂತೂ ಇವನು ಯಾವುದೋ ಯುದ್ಧ ಗೆದ್ದು ಬಂದವನೆಂದು ನಂಬಿ ಮೆಟ್ಟಿಲ ಮೇಲೆ ಸರಿದು ದಾರಿ ಬಿಡುತ್ತಿದ್ದವು.

ಅವನು ಗೆದ್ದದ್ದು ಏನಾದರೂ ಇದ್ದರೆ ಅದು ನಿಲ್ಲುವುದನ್ನು. ಸಂಜೆಯಿಂದ ಹಾಲ್ ಖಾಲಿಯಾಗುವ ತನಕ ಗೋಡೆಗೆ ಒರಗದೆ, ಕಾಲು ಬದಲಿಸದೆ ನಿಲ್ಲುತ್ತಿದ್ದ. ಹೊಸದಾಗಿ ಸೇರಿದವರಿಗೆ ಅವನು ಮೊದಲು ಕಲಿಸುತ್ತಿದ್ದ ಪಾಠ ಟ್ರೇ ಹಿಡಿಯುವುದಲ್ಲ. ಕೋಟು ಹಾಕಿದವನಿಗೆ ಕುರ್ಚಿಯಿಲ್ಲ, ಎನ್ನುತ್ತಿದ್ದ. ಕೂತರೆ ಬೆನ್ನಿನಲ್ಲಿ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದ ಕೋಟನ್ನು ಕಂಡರೆ ಊಟಕ್ಕೆ ಬಂದವರಿಗೆ ಇವನು ಕೆಲಸದವನೋ ತಮ್ಮ ಹಾಗೇ ಬಂದವನೋ ಎಂದು ಗೊಂದಲವಾಗುತ್ತದೆ. ಎರಡನೆಯ ಪಾಠ, ಯಾರಾದರೂ ಒಂಟಿಯಾಗಿ ಊಟಕ್ಕೆ ಬಂದರೆ ಅವರೆದುರಿನ ತಟ್ಟೆ, ಗ್ಲಾಸು, ಚಾಕು, ಚಮಚ ಎಲ್ಲವನ್ನೂ ತಕ್ಷಣ ಎತ್ತಿಬಿಡಬೇಕು. ಬಾರದವರ ತಟ್ಟೆ ನೋಡಿಕೊಂಡು ಯಾರೂ ಉಣ್ಣಬಾರದು ಎಂಬುದು ಅವನ ವಾದ. ಅವನ ಸ್ವಂತ ಊಟ ಅಡುಗೆಮನೆಗೂ ಹಾಲ್‌ಗೂ ನಡುವಿನ ಓಣಿಯಲ್ಲಿ, ಪಾತ್ರೆ ಇಡುವ ಕಟ್ಟೆಯ ಮುಂದೆ, ನಿಂತೇ ಆಗುತ್ತಿತ್ತು. ಆ ಅಭ್ಯಾಸ ಮನೆಗೂ ಬಂತು. ಹೆಂಡತಿಗೆ ಬಡಿಸಿ, ತಾನು ಒಲೆಯ ಪಕ್ಕ ನಿಂತು ನಾಲ್ಕು ತುತ್ತು ನುಂಗಿ ಕೈತೊಳೆದರೆ ಅವನ ಊಟ ಮುಗಿಯಿತು. ಕೂತುಕೊಳ್ಳಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿ ಹೋಗಿತ್ತು.

ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದವಳು. ಅವನು ಹೋಟೆಲಿನಿಂದ ಬರುವಾಗ ದಿನವೂ ಕಾಗದದ ನ್ಯಾಪ್ಕಿನ್ನಿನಲ್ಲಿ ಏನಾದರೂ ಸುತ್ತಿ ತರುತ್ತಿದ್ದ. ಒಂದು ತುಂಡು ಕೇಕು, ಎರಡು ಬಿಸ್ಕತ್ತು, ಯಾರೋ ಮುಟ್ಟದೆ ಬಿಟ್ಟ ಸಿಹಿ. ಅವಳು ಮಂಚದ ಮೇಲೆ ಕೂತು ಅದನ್ನು ತಿನ್ನುತ್ತಾ, ಹೇಳಿ, ಇವತ್ತು ಹಾಲ್‌ನಲ್ಲಿ ಏನೇನಿತ್ತು, ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ: ಯಾವ ಹೆಂಗಸು ಯಾವ ಬಣ್ಣದ ರೇಷ್ಮೆ ಹಾಕಿದ್ದಳು, ಯಾವ ಗಂಡ ಹೆಂಡತಿ ಸಾರು ಬರುವ ಮೊದಲೇ ಜಗಳ ಆಡಿಕೊಂಡರು, ತೂಗುದೀಪದ ಯಾವ ಗಾಜಿನ ಹರಳು ಉದುರಿತು. ಕೆಲಸದವರ ಮನೆಯವರು ಹಾಲ್‌ಗೆ ಕಾಲಿಡುವ ಹಾಗಿರಲಿಲ್ಲ. ಹಾಗಾಗಿ ಆ ಹಾಲ್ ಅವಳಿಗೆ ಗಂಡನ ಬಾಯಿಂದ ಕೇಳಿದ ಊರು. ಒಂದು ಸಲ, ಒಂದೇ ಸಲ, ಅಂಥ ದೀಪದ ಕೆಳಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಕೂರಬೇಕು, ಎದುರಿಗೆ ನೀವು ಕೂತಿರಬೇಕು, ಬೇರೆ ಯಾರೋ ನಮಗೆ ಬಡಿಸಬೇಕು. ಇದು ಅವಳ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಈಡೇರದೆ ಉಳಿಯುವುದು ಹೆಚ್ಚಾಗಿ ಇಂಥವೇ.

ಅವನು ಕೆಲಸ ಬಿಟ್ಟ ಮೇಲೆ ಅವಳ ಕಣ್ಣು ಕೈಕೊಟ್ಟಿತು. ಕಣ್ಣಿನ ನರ ಒಣಗುತ್ತಿದೆ ಎಂದರು ಡಾಕ್ಟರು. ಅಂಚಿನಿಂದ ಶುರುವಾಗಿ ನೋಟ ಒಳಗೊಳಗೇ ಕಿರಿದಾಗುತ್ತಾ ಬರುತ್ತದಂತೆ. ಆಗಲೇ ಅವಳಿಗೆ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು. ಅಕ್ಕಪಕ್ಕ ಏನಿದ್ದರೂ ಇಲ್ಲ. ಸಣ್ಣ ಅಂಕಿ, ಸಣ್ಣ ಅಕ್ಷರ ಎಲ್ಲ ಕಲಸಿಹೋಗುತ್ತಿದ್ದವು. ಊಟದ ಹೊತ್ತಿನಲ್ಲಿ ಪಕ್ಕದ ನೀರಿನ ಲೋಟ ಕಾಣದೆ ನಾಲ್ಕಾರು ಸಲ ಮೊಣಕೈ ತಾಗಿಸಿ ಚೆಲ್ಲಿದ ಮೇಲೆ ಕ್ಯಾಪ್ಟನ್ ಒಂದು ಉಪಾಯ ಮಾಡಿದ. ಲೋಟವನ್ನು ಎರಡು ಬೆರಳಲ್ಲಿ ತಳ್ಳಿ ತಟ್ಟೆಯ ಮುಂದಕ್ಕೆ ತಂದು, ಅದರ ಪಕ್ಕ ಮೇಜಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದ. ಆ ಸದ್ದು ಹಿಡಿದು ಅವಳ ಕೈ ಲೋಟಕ್ಕೆ ಬರುತ್ತಿತ್ತು. ಮಾತಿಲ್ಲ ಕತೆಯಿಲ್ಲ, ಎರಡು ತಟ್ಟು, ಅಷ್ಟೇ.

ಹೀಗಿರುವಾಗ ಪ್ರವಾಸದ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಒಂದು ದಿನ ಬಂದು, ಅಪ್ಪ ಅಮ್ಮ ಇಬ್ಬರಿಗೂ ಹಡಗಿನಲ್ಲಿ ಜಾಗ ಮಾಡಿದ್ದೀನಿ, ನಾಲ್ಕು ದಿನದ ಪ್ರಯಾಣ, ಬಂದರಿನ ತನಕ ವಿಮಾನ ಎಂದಳು. ಕಟ್ಟಡದವರು ಹಡಗಿಗೆ ಇನ್ನು ಇಬ್ಬರು ಕ್ಯಾಪ್ಟನ್ನುಗಳಾದರಲ್ಲ, ಯಾವ ದಿಕ್ಕಿಗೆ ಹೋಗುತ್ತೋ ಏನೋ ಎಂದು ನಕ್ಕರು. ಹೆಂಡತಿ ನಗಲಿಲ್ಲ. ಎರಡನೆಯ ಸಂಜೆ ದೊಡ್ಡ ಹಾಲ್‌ನಲ್ಲಿ ವಿಶೇಷ ಊಟ, ಗಂಡಸರು ಕೋಟು, ಹೆಂಗಸರು ಉದ್ದನೆಯ ಗೌನು ಹಾಕಿಕೊಳ್ಳಲೇಬೇಕು ಎಂದು ಮಗಳು ಹೇಳಿದ್ದೇ ತಡ, ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಕಡುನೀಲಿ ರೇಷ್ಮೆ ತೆಗೆದಳು. ಯಾವಾಗಲೋ ತೆಗೆದಿಟ್ಟ ಬಟ್ಟೆ. ಬೆಳಿಗ್ಗೆಯ ಬೆಳಕಿನಲ್ಲಿ ಮಾತ್ರ, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ದಿನಕ್ಕೆ ಗೇಣುದ್ದ ಹೊಲಿದಳು. ಕೊರಳಿಗೆ ಗಾಜಿನ ಮಣಿ ಕೂಡಿಸಿದಳು. ಎರಡು ಕಡೆ ಮಣಿಗಳ ಸಾಲು ಸೊಟ್ಟಗಾಗಿತ್ತು. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ. ಅದೇ ಅವಳ ಕೊನೆಯ ಹೊಲಿಗೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕ್ಯಾಪ್ಟನ್ನನ ಕೋಟಿಗೆ ಹುಡುಕಾಟವೇ ಬೇಕಿರಲಿಲ್ಲ. ಕೆಲಸ ಬಿಡುವ ದಿನ ಹೋಟೆಲಿನವರು ಅವನ ಕೋಟನ್ನೇ ಡ್ರೈಕ್ಲೀನ್ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಗೌರವದಿಂದ ಕೈಗಿತ್ತಿದ್ದರು. ಅದು ಕಪಾಟಿನಲ್ಲಿ ನೇತಾಡುತ್ತಿತ್ತು. ಕಪಾಟು ತೆರೆದಾಗಲೆಲ್ಲ ಅವನು ಅದನ್ನು ಕಣ್ಣಿಗೆ ಬೀಳದಂತೆ ಹಿಂದಕ್ಕೆ ಸರಿಸಿಬಿಡುತ್ತಿದ್ದ.

ಅದಕ್ಕೆ ಕಾರಣ ಮಗಳ ಮದುವೆಯ ಊಟ. ಹುಡುಗಿಯ ತಂದೆ ಎಂಬ ಸಂಭ್ರಮದಲ್ಲಿ ಅವನು ಇದ್ದುದರಲ್ಲಿ ಒಳ್ಳೆಯದೆಂದು ಅದೇ ಕೋಟನ್ನು ಹಾಕಿಕೊಂಡು ಹೋಗಿದ್ದ. ಊಟದ ನಡುವೆ ಗಂಡಿನ ಕಡೆಯ ಯಾರೋ ಹಿರಿಯರು ಕೈ ಎತ್ತಿ ಬೆರಳು ಮಡಿಸಿ ಕರೆದು, ನೀರು ಎಂದರು. ಅವನು ಆಗಲಿ ಸರ್ ಎಂದ. ತಲೆಗೆ ತಿಳಿಯುವ ಮೊದಲೇ ಕಾಲು ನಡೆದಿತ್ತು. ಜಗ್ಗು ತಂದು, ಬಲಗಡೆಯಿಂದ ಬಗ್ಗಿ, ಒಂದು ಹನಿ ಚೆಲ್ಲದೆ ನೀರು ಹಾಕಿದ. ಪಕ್ಕದವರೊಬ್ಬರು, ಅಯ್ಯೋ, ಅವರು ಹುಡುಗಿಯ ತಂದೆ ಎಂದಾಗ ಆ ಮೇಜಿನಲ್ಲಿ ಎದ್ದ ನಗು ಸುತ್ತಲಿನ ಮೇಜುಗಳಿಗೂ ಹಬ್ಬಿತು. ಮಗಳು ತಲೆ ತಗ್ಗಿಸಿದಳು. ಹೆಂಡತಿ ಎಲ್ಲವನ್ನೂ ನೋಡಿದ್ದಳು. ಆಮೇಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದೇ ಅವನನ್ನು ಹೆಚ್ಚು ತಿಂದಿತು. ಈಗ ಹಡಗಿನಲ್ಲಿ, ನೂರು ವೇಟರುಗಳ ನಡುವೆ, ಅದೇ ಕೋಟಿನಲ್ಲಿ ಅವಳೆದುರು ಕೂತಾಗ ಯಾರಾದರೂ ಬೆರಳು ಮಡಿಸಿದರೆ ತಾನು ಎದ್ದು ಹೋಗೇ ಹೋಗುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಇದನ್ನು ಹೆಂಡತಿಗೆ ಹೇಳಿಬಿಡಬಹುದಿತ್ತು. ಆದರೆ ತನ್ನ ಬಗ್ಗೆ ತಾನು ಮಾತಾಡುವುದು ಅವನ ಕೆಲಸದಲ್ಲಿ ಎಂದೂ ಇರಲಿಲ್ಲ, ಅದು ಅವನಿಗೆ ಬರುತ್ತಲೂ ಇರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟರು. ಟಿಕೆಟಿನ ಪ್ರಕಾರ ಇಬ್ಬರಿಗೂ ಸೇರಿ ಒಂದೇ ಪೆಟ್ಟಿಗೆ, ಹದಿನೈದು ಕೆಜಿ. ಕೈಚೀಲದಲ್ಲಿ ಅವಳ ಕಣ್ಣಿನ ಔಷಧದ ತಣ್ಣನೆಯ ಡಬ್ಬಿ, ಮಾತ್ರೆ, ನೀರು ಸೇರಿ ಅದೂ ತುಂಬಿಹೋಗಿತ್ತು. ಮಗಳು ಫೋನಿನಲ್ಲಿ ಹೆದರಿಸಿದ್ದಳು, ತೂಕ ಜಾಸ್ತಿಯಾದರೆ ಕೌಂಟರಿನ ಮುಂದೆಯೇ ಪೆಟ್ಟಿಗೆ ಬಿಚ್ಚಿಸುತ್ತಾರೆ, ಸಾಲಿನಲ್ಲಿ ನಿಂತವರೆಲ್ಲ ನಿಮ್ಮ ಒಳಬಟ್ಟೆ ನೋಡಬೇಕಾಗುತ್ತೆ, ಎಂದು.

ಮಡಿಸುವುದರಲ್ಲಿ ಅವನದು ಎತ್ತಿದ ಕೈ. ಗೌನನ್ನು ತೆಳು ಕಾಗದದ ಮೇಲೆ ಹಾಸಿ, ಮಣಿಗೆ ಮಣಿ ತಾಗದಂತೆ ಕೊರಳಿಗೂ ಕಾಗದ ತುರುಕಿ, ಸುರುಳಿ ಸುತ್ತಿದ. ಬೂಟಿನೊಳಗೆ ಕಾಲುಚೀಲ ಹೋಯಿತು. ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ, ಒಂದು ಭುಜವನ್ನು ಇನ್ನೊಂದು ಭುಜದೊಳಗೆ ಕೂರಿಸಿ, ಅದರ ಪ್ಯಾಂಟಿನ ಜೊತೆ ಮೇಲಿಟ್ಟ. ಮೇಲೊಂದು ಅವಳ ಉಣ್ಣೆಯ ಶಾಲು. ಮುಚ್ಚಳ ಯಾವ ಜಗಳವೂ ಇಲ್ಲದೆ ಮುಚ್ಚಿತು. ಸ್ನಾನದ ಮನೆಯ ಮುಂದಿದ್ದ ತೂಕದ ಯಂತ್ರದ ಮೇಲೆ ಮೊದಲು ತಾನೊಬ್ಬನೇ ನಿಂತ, ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಂತ. ಹೆಂಡತಿ ಗೋಡೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಎಷ್ಟು ಬಂತು?” ಎಂದಳು.

ಕಳೆದು ನೋಡಿದರೆ ಹದಿನಾಲ್ಕೂವರೆ. ಒಂದು ದಾರವೂ ಬಿಡಬೇಕಾಗಿಲ್ಲ, ಎಲ್ಲವೂ ಹಿಡಿಸಿತ್ತು. ಹದಿನಾಲ್ಕೂವರೆ ಎಂದು ಹೇಳಲೆಂದೇ ಅವನು ಬಾಯಿ ತೆರೆದ. ಅವಳ ಮುಖ ಅವನತ್ತ ತಿರುಗಿತ್ತು, ಕಣ್ಣು ಯಂತ್ರದ ಮುಳ್ಳಿನ ಮೇಲೆ ಎಲ್ಲೋ ಸುಮ್ಮನೆ ನೆಟ್ಟಿತ್ತು.

“ಹದಿನೆಂಟು,” ಎಂದುಬಿಟ್ಟ.

ಅವಳ ಮುಖ ಸಪ್ಪಗಾಯಿತು. ಆದರೆ ಅವಳು ಬಡಪೆಟ್ಟಿಗೆ ಬಗ್ಗುವವಳಲ್ಲ. ಪೆಟ್ಟಿಗೆ ಮತ್ತೆ ಬಿಚ್ಚಿಸಿ, ಕೈಯಲ್ಲಿ ತಡವಿ ಮೊದಲು ಶಾಲನ್ನು ಹೊರಗೆಳೆದಳು. ಹಡಗಿನ ಮೇಲೆ ಗಾಳಿ ಜೋರು ಎಂದು ಮಗಳು ಹೇಳಿದ್ದಳಂತೆ, ಇರಲಿ, ನಾಲ್ಕು ದಿನಕ್ಕೆ ಯಾರೂ ಚಳಿಯಿಂದ ಸಾಯುವುದಿಲ್ಲ ಎಂದಳು. ಆಮೇಲೆ ಗೌನಿನ ಜೊತೆಗೆಂದು ಮಗಳು ಕೊಡಿಸಿದ್ದ ಹಿಮ್ಮಡಿ ಎತ್ತರದ ಬೂಟುಗಳನ್ನು ತೆಗೆದಳು. ಗೌನು ನೆಲ ಮುಟ್ಟುತ್ತೆ, ಒಳಗೆ ಮನೆಯ ಚಪ್ಪಲಿ ಇದ್ದರೆ ಯಾರಿಗೆ ಕಾಣುತ್ತೆ ಎಂದು ತಾನೇ ಸಮಾಧಾನ ಹೇಳಿಕೊಂಡಳು. ಅವನು ಮತ್ತೆ ಯಂತ್ರ ಹತ್ತಿದ. ಹೇಳಿದ ಸುಳ್ಳಿಗೆ ಲೆಕ್ಕ ತಪ್ಪಬಾರದಲ್ಲ, ಹದಿನಾರೂವರೆ ಎಂದ.

“ಹಾಗಾದ್ರೆ ಕೋಟನ್ನ ಮೈಮೇಲೇ ಹಾಕ್ಕೊಂಡು ವಿಮಾನ ಹತ್ತಿ. ಮೈಮೇಲಿರೋದನ್ನ ಯಾರೂ ತೂಗಲ್ಲ.”

“ಕೋಟು ಹಾಕ್ಕೊಂಡು ಅಷ್ಟು ಹೊತ್ತು ಕೂರೋದಾ? ಆಮೇಲೆ ಅದು ಹಾಕೋ ಹಾಗಿರುತ್ತಾ?”

ಅವಳು ಪೆಟ್ಟಿಗೆಯಲ್ಲಿ ಕೈಯಾಡಿಸಿ ಗೌನಿನ ಸುರುಳಿ ಹುಡುಕಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು.

“ಇದನ್ನ ತೆಗೆದುಬಿಡಿ. ಮಣಿದೇ ಭಾರ. ಕೋಟಿಲ್ಲ ಅಂದ್ರೆ ನಿಮ್ಮನ್ನ ಒಳಗೆ ಬಿಡಲ್ಲ. ನಾನು ಇರೋದರಲ್ಲೇ ಒಂದು ಹಾಕ್ಕೊಂಡು ಬರ್ತೀನಿ, ಹೆಂಗಸರನ್ನ ಅಷ್ಟು ನೋಡಲ್ಲ.”

ಕ್ಯಾಪ್ಟನ್ ಆಗಲಾದರೂ ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಗೌನನ್ನು ಅವಳ ಕೈಯಿಂದ ತೆಗೆದು ಜೋಪಾನವಾಗಿ ಒಳಗಿಟ್ಟ, ಕೋಟನ್ನೂ ಪ್ಯಾಂಟನ್ನೂ ಹೊರಗೆ ತೆಗೆದ. ಹಡಗಿನಲ್ಲಿ ಅಷ್ಟೆಲ್ಲ ಕಟ್ಟುನಿಟ್ಟು ಇರುವುದಿಲ್ಲ, ಬಿಳಿ ಶರಟಿಗೆ ಟೈ ಕಟ್ಟಿಕೊಂಡರೆ ಸಾಕು ಎಂದ. ಕೋಟಿಲ್ಲದೆ ಬಂದವರನ್ನು ಬಾಗಿಲಲ್ಲೇ ನಯವಾಗಿ ವಾಪಸು ಕಳಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವನ ಬಾಯಲ್ಲಿ ಈ ಮಾತು ಬಂತು. ಶಾಲನ್ನಾದರೂ ಮತ್ತೆ ಒಳಗಿಡಬೇಕೆಂದು ಅವನ ಕೈ ಅದರತ್ತ ಹೋಯಿತು. ಆದರೆ ಅವನೇ ಕಟ್ಟಿದ ಲೆಕ್ಕದಲ್ಲಿ ಶಾಲಿಗೆ ಜಾಗವಿರಲಿಲ್ಲ. ಪೆಟ್ಟಿಗೆಯೊಳಗೆ ಮಾತ್ರ ಬೇಕಾದಷ್ಟು ಜಾಗವಿತ್ತು.

ಗುಟ್ಟು ರಟ್ಟಾಗಲು ಒಂದು ದಿನವೂ ಹಿಡಿಯಲಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳು. ಪೆಟ್ಟಿಗೆಯನ್ನು ತೂಗುವ ಪಟ್ಟಿಯ ಮೇಲೆ ಇಡಿಸಿಕೊಂಡು, ಎದುರಿಗಿದ್ದ ಹೆಂಗಸು ಅಂಕಿಯನ್ನು ಹುಡುಕುತ್ತಿದ್ದುದನ್ನು ಕಂಡು ತಾನೇ ಓದಿ ಹೇಳಿದಳು.

“ಹನ್ನೊಂದು ಬಂತು ಅಮ್ಮ. ಇನ್ನೂ ನಾಲ್ಕು ಕೆಜಿ ಇಡಬಹುದಿತ್ತು ನೀವು.”

ಹನ್ನೊಂದಾ ಎಂದು ಹೆಂಡತಿ ಒಂದೇ ಸಲ ಕೇಳಿದಳು. ಹುಡುಗಿ ಹೌದೆಂದಳು. ಪೆಟ್ಟಿಗೆ ಪಟ್ಟಿಯ ಮೇಲೆ ಉರುಳಿಕೊಂಡು ಒಳಗೆ ಹೋಯಿತು. ವಿಮಾನದಲ್ಲಿ ಕ್ಯಾಪ್ಟನ್ ಅವಳಿಗೆ ಬೆಲ್ಟು ಕಟ್ಟಿಕೊಟ್ಟು, ನಮ್ಮ ಮನೆಯ ಯಂತ್ರ ಹಳೆಯದು, ಮುಳ್ಳು ಸರಿಯಿಲ್ಲ ಎಂದು ಗೊಣಗಿದ. ಹೂಂ, ಹಳೆಯದು ಎಂದಳು ಅವಳು. ಆಮೇಲೆ ಇಳಿಯುವ ತನಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೂತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಡಗಿನ ಕೋಣೆಗೆ ಕಿಟಕಿ ಇರಲಿಲ್ಲ. ಎರಡು ಕಿರಿದಾದ ಮಂಚ, ಒಂದು ಕುರ್ಚಿ, ಕೊಳವೆ ದೀಪ. ಮೊದಲ ಸಂಜೆ ಮೇಲಿನ ಅಂತಸ್ತಿನಲ್ಲಿ ಎಲ್ಲರೂ ಟ್ರೇ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವ ಕಡೆ ಉಂಡರು. ಗಾಳಿ ನಿಜಕ್ಕೂ ಜೋರಾಗಿತ್ತು. ಅವಳು ಎರಡೂ ತೋಳನ್ನು ತಬ್ಬಿಕೊಂಡು ಕೂತದ್ದನ್ನು ನೋಡಲಾರದೆ ಅವನು ಕೋಣೆಗೆ ಓಡಿ, ಸ್ನಾನದ ಟವೆಲ್ ತಂದು ಹೊದಿಸಿದ. ಸುತ್ತಲಿನವರು ಕಣ್ಣರಳಿಸಿ ನೋಡಿದರು. ಅವಳಿಗೆ ಅದು ಕಾಣಲಿಲ್ಲ. ಅವನಿಗೆ ಕಂಡಿತು. ತನ್ನಷ್ಟು ನೀಚ ಇನ್ನೊಬ್ಬನಿಲ್ಲ ಎಂದು ಅವನಿಗೆ ಅನ್ನಿಸಿದ್ದು ಆಗಲೇ.

ಎರಡನೆಯ ಸಂಜೆಗೆ ಅವನು ಒಂದು ಮಾತನ್ನು ಸಿದ್ಧಮಾಡಿಕೊಂಡಿದ್ದ. ಬಿಡು, ಆ ಹಾಲ್‌ನಲ್ಲಿ ಏನಿದೆ ಮಹಾ, ಮೇಲೇ ಹೋಗಿ ತಿನ್ನೋಣ ಎನ್ನಬೇಕು. ಆಗ ಅವಳು ಇಷ್ಟು ವರ್ಷ ಎಲ್ಲದಕ್ಕೂ ಅಂದ ಹಾಗೆ, ಆಯ್ತು ಬಿಡಿ ಎನ್ನುತ್ತಾಳೆ. ಗಂಡಸರು ಇಂಥ ಲೆಕ್ಕ ಹಾಕುವುದರಲ್ಲಿ ಜಾಣರು. ಆದರೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ನೀಲಿ ಗೌನು ಹಾಕಿಕೊಂಡು, ತಲೆ ಬಾಚಿಕೊಂಡು, ಮನೆಯ ಚಪ್ಪಲಿಯಲ್ಲಿ ನಿಂತಿದ್ದಳು.

“ನಾನು ಹೋಗ್ತೀನಿ,” ಎಂದಳು. “ಬಾಗಿಲ ತನಕ ಕೈ ಹಿಡ್ಕೊಂಡು ಬನ್ನಿ. ಸಾಕು.”

ಅವನು ಬಿಳಿ ಶರಟು, ಟೈ ಹಾಕಿಕೊಂಡು ಅವಳ ಕೈ ಹಿಡಿದು ಉದ್ದನೆಯ ಓಣಿಯಲ್ಲಿ ನಡೆದ. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಹೆಂಗಸು ಅವನನ್ನು ಕೆಳಗಿಂದ ಮೇಲೆ ನೋಡಿ, ಅವನೇ ಎಷ್ಟೋ ಜನಕ್ಕೆ ಹೇಳಿದ್ದ ಮಾತನ್ನು ಅವನಷ್ಟೇ ನಯವಾಗಿ ಹೇಳಿದಳು. ಹೆಂಡತಿ ಅವನ ಕೈ ಬಿಟ್ಟಳು. ಒಬ್ಬ ವೇಟರ್ ಬಂದು ಅವಳ ಮೊಣಕೈ ಹಿಡಿದು ಒಳಗೆ ಕರೆದೊಯ್ದ.

ಬಾಗಿಲ ಗಾಜಿನಿಂದ ಅವನು ನೋಡಿದ. ಅವಳು ಕೇಳಿ ಕೇಳಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಾಲ್‌ಗಿಂತ ಇದು ದೊಡ್ಡದಿತ್ತು. ಮೂರು ತೂಗುದೀಪ, ಮೂಲೆಯಲ್ಲಿ ಪಿಟೀಲು, ಮೇಜು ಮೇಜಿಗೂ ಹೂವು. ವೇಟರ್ ಅವಳನ್ನು ಗೋಡೆಯ ಬದಿಯ ಇಬ್ಬರ ಮೇಜಿಗೆ ಕೂರಿಸಿದ. ಕುರ್ಚಿ ಎಳೆದ ರೀತಿ ಸರಿಯಿದೆ, ಎಂದುಕೊಂಡ ಕ್ಯಾಪ್ಟನ್. ಆಮೇಲೆ ವೇಟರ್ ಎದುರಿನ ತಟ್ಟೆಯನ್ನು ಎತ್ತಲು ಬಗ್ಗಿದ. ಅದೂ ಸರಿಯೇ. ಆದರೆ ಅವಳು ಕೈ ಚಾಚಿ ಆ ತಟ್ಟೆಯ ಮೇಲೆ ಅಂಗೈ ಇಟ್ಟಳು. ಏನೋ ಹೇಳಿದಳು. ವೇಟರ್ ತಲೆಬಾಗಿಸಿ ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಹೋದ. ಅವಳಿಗೆ ಅಷ್ಟು ದೊಡ್ಡ ಹಾಲ್‌ನಲ್ಲಿ ಕಾಣುತ್ತಿದ್ದದ್ದು ನೇರ ಎದುರಿನದೊಂದೇ, ಆ ತಟ್ಟೆ ಮತ್ತು ಅದರ ಹಿಂದಿನ ಖಾಲಿ ಕುರ್ಚಿ.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿನ ಹೆಂಗಸಿನ ಬಳಿ ಹೋಗಿ, ಕೋಟಿಲ್ಲದೆ ಬಂದವರಿಗೆ ಕೊಡುವ ಕೋಟು ಇದೆಯೇ ಎಂದು ಕೇಳಿದ. ಅಂಥ ಕಡೆ ಒಂದೆರಡು ಇಟ್ಟಿರುತ್ತಾರೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕೇಳದೆ ಇದ್ದದ್ದು ಅವನೇ. ಆ ಹೆಂಗಸು ಒಳಗಿಂದ ಒಂದು ಕಪ್ಪು ಕೋಟು ತಂದುಕೊಟ್ಟಳು. ವೇಟರುಗಳದೇ ಬಟ್ಟೆ, ಅದೇ ಗುಂಡಿ, ತೋಳು ಮಾತ್ರ ಉದ್ದ. ಅವನು ತೊಟ್ಟುಕೊಂಡು ಹಲ್ಲು ಕಚ್ಚಿ ಬಾಗಿಲು ದಾಟಿದ. ಎದುರಿಗೆ ಹೆಂಡತಿಯ ಮೇಜು ಕಾಣುತ್ತಿತ್ತು. ಹತ್ತಾರು ಹೆಜ್ಜೆ ಹಾಕಿದ್ದರೆ ಮುಗಿಯಿತು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಎದ್ದು ಬಂದ ಒಬ್ಬರು, ಬೇರೆ ಕಡೆ ನೋಡುತ್ತಲೇ, ಖಾಲಿ ಗ್ಲಾಸನ್ನು ಅವನ ಕೈಗಿಟ್ಟರು.

“ಆಗಲಿ ಸರ್,” ಎಂದ ಕ್ಯಾಪ್ಟನ್.

ಗ್ಲಾಸನ್ನು ಇಡಬೇಕಲ್ಲ. ಗೋಡೆಯ ಪಕ್ಕದ ಸಣ್ಣ ಮೇಜಿಗೆ ಹೋಗಿ ಇಟ್ಟ. ಇಟ್ಟು ತಿರುಗಿ, ಹಾಲ್‌ಗೆ ಮುಖ ಮಾಡಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತ. ನಿಂತದ್ದು ಅವನಿಗೆ ತಿಳಿದದ್ದೇ ಆಮೇಲೆ. ಅವಳ ಮೇಜು ಎರಡು ಮಾರು ದೂರ, ಅವಳ ಎಡ ಬದಿಗೆ. ಹೋಗಿ ಕೂರು ಎಂದು ಮನಸ್ಸು ಹೇಳುತ್ತಲೇ ಇತ್ತು. ಕಾಲು ಕೇಳಲಿಲ್ಲ. ಇಷ್ಟು ವರ್ಷ ಬೇರೆಯವರಿಗೆ ಕಲಿಸಿದ ಪಾಠ ಅವನನ್ನು ಅಲ್ಲೇ ನೆಟ್ಟುಬಿಟ್ಟಿತು. ಅವಳಿಗೆ ಸಾರು ಬಂತು, ಮೀನು ಬಂತು. ನಿಧಾನವಾಗಿ, ಬೆನ್ನು ನೇರ ಮಾಡಿಕೊಂಡು, ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತಾ ಅವಳು ಉಂಡಳು. ಮಣಿಗಳ ಸೊಟ್ಟ ಸಾಲು ದೀಪಕ್ಕೆ ಹೊಳೆಯುತ್ತಿತ್ತು. ಕ್ಯಾಪ್ಟನ್ನನ ಕಣ್ಣಲ್ಲಿ ನೀರು ತುಂಬಿ ಬಂತು. ಹಾಲ್‌ನಲ್ಲಿ ನಿಂತಾಗ ಅವನು ಅತ್ತದ್ದು ಅದೇ ಮೊದಲು.

ಒಂದು ಸಲ ಮಾತ್ರ ಅವನು ಜಾಗ ಬಿಟ್ಟು ಕದಲಿದ. ಅವಳ ನೀರಿನ ಗ್ಲಾಸು ಎಡಕ್ಕೆ, ಮೇಜಿನ ಅಂಚಿಗೆ ಬಂದಿತ್ತು. ಮೊಣಕೈ ಇನ್ನೇನು ತಾಗುವುದರಲ್ಲಿತ್ತು. ಅವನು ಸದ್ದಿಲ್ಲದೆ ಹೋಗಿ, ಹಿಂದಿನಿಂದ ಬಗ್ಗಿ, ಗ್ಲಾಸನ್ನು ಎರಡು ಬೆರಳಲ್ಲಿ ತಳ್ಳಿ ತಟ್ಟೆಯ ಮುಂದಿಟ್ಟು, ಮೇಜಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ, ಮತ್ತೆ ಗೋಡೆಯ ಬದಿಗೆ ಬಂದು ನಿಂತ. ಅವಳ ಚಮಚ ಅರ್ಧ ದಾರಿಯಲ್ಲಿ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ನೀರು ಕುಡಿದಳು.

ಸಿಹಿ ಬಂದಾಗ ಅವನು ಹೊರಗೆ ಹೋಗಿ, ಕೋಟು ಹಿಂದಿರುಗಿಸಿ, ಏನೂ ತಿಳಿಯದವನಂತೆ ಬಾಗಿಲ ಪಕ್ಕ ನಿಂತ. ವೇಟರ್ ಅವಳನ್ನು ಕರೆತಂದು ಅವನ ಕೈಗೆ ಒಪ್ಪಿಸಿದ. ಅವಳ ಇನ್ನೊಂದು ಕೈಯಲ್ಲಿ ಕಾಗದದ ನ್ಯಾಪ್ಕಿನ್ನಿನ ಗಂಟೊಂದಿತ್ತು. ಕೋಣೆಗೆ ಬಂದ ಮೇಲೆ ಅದನ್ನು ಅವನತ್ತ ನೀಡಿದಳು. ಒಂದು ತುಂಡು ಕೇಕು. ಅವನು ಬಾಗಿಲ ಬಳಿ ನಿಂತೇ ತಿಂದ. ಕೇಕು ತಣ್ಣಗಿತ್ತು, ಕಾಗದಕ್ಕೆ ಅಂಟಿಕೊಂಡಿತ್ತು. ತಾನು ಅಷ್ಟು ವರ್ಷ ಮನೆಗೆ ತರುತ್ತಿದ್ದದ್ದು ಹೀಗಿರುತ್ತಿತ್ತು ಎಂದು ಅವನಿಗೆ ಆವತ್ತು ಗೊತ್ತಾಯಿತು.

ಅವಳು ಮಂಚದ ಮೇಲೆ ಕೂತು ಕಿವಿಯೋಲೆ ಬಿಚ್ಚುತ್ತಿದ್ದಳು.

“ಹೇಳಿ, ಇವತ್ತು ಹಾಲ್‌ನಲ್ಲಿ ಏನೇನಿತ್ತು?”

ಹಳೆಯ ಪ್ರಶ್ನೆ, ಹಳೆಯ ದನಿ. ನೀನೇ ಒಳಗಿದ್ದೆಯಲ್ಲ ಎಂದ ಅವನು.

“ಎದುರಿಗಿದ್ದದ್ದು ನಾನೇ ನೋಡಿದೆ. ಪಕ್ಕದ್ದು ಹೇಳಿ.”

ಅವನು ಹೇಳತೊಡಗಿದ. ಮೂರು ತೂಗುದೀಪ, ನಡುವಿನದರಲ್ಲಿ ಒಂದು ಬಲ್ಬು ಹೋಗಿತ್ತು. ಪಿಟೀಲಿನವನು ನಿದ್ದೆಗಣ್ಣಲ್ಲೇ ಬಾರಿಸುತ್ತಿದ್ದ. ಬಲಗಡೆಯ ಮೇಜಿನಲ್ಲಿ ಹಸಿರು ಗೌನಿನವಳು ಗಂಡನ ತಟ್ಟೆಯಿಂದಲೇ ತಿನ್ನುತ್ತಿದ್ದಳು. ಅವಳು ಕಣ್ಣುಮುಚ್ಚಿ ಕೇಳಿಸಿಕೊಂಡಳು.

“ನನ್ನ ಎಡಗಡೆ? ಗೋಡೆ ಹತ್ರ?”

“ಯಾರೋ ಒಬ್ಬ ವೇಟರ್ ನಿಂತಿದ್ದ.”

“ಎಷ್ಟು ಹೊತ್ತು?”

“ನಿನ್ನ ಊಟ ಮುಗಿಯೋ ತನಕ.”

ಓಲೆಗಳನ್ನು ಅವಳು ದಿಂಬಿನ ಪಕ್ಕ ಇಟ್ಟಳು.

“ಕುರ್ಚಿ ಖಾಲಿನೇ ಇತ್ತು,” ಎಂದಳು. “ಪಾಪ, ಬಂದು ಕೂತಿದ್ರೆ ಆಗ್ತಿತ್ತು. ನಾನೇನೂ ಅಂತಿರ್ಲಿಲ್ಲ.”

ಅವಳು ಗೌನಿನಲ್ಲೇ ಮಲಗಿ ಗೋಡೆಯ ಕಡೆಗೆ ಹೊರಳಿದಳು. ಕ್ಯಾಪ್ಟನ್ ನ್ಯಾಪ್ಕಿನ್ನನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟ. ಆಮೇಲೆ ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವಳ ಮಂಚದ ಬಳಿಗೆ ಎಳೆದುಕೊಂಡು, ಅವಳ ಬೆನ್ನಿಗೆ ಮುಖ ಮಾಡಿ ಕೂತ.